ಹಳೆಯ ಜೀಪಿಗೊಂದು ಬೆಂಗಾವಲು

ಸೇನೆಯ ಟ್ಯಾಂಕೊಂದು ಮರಳಿನಲ್ಲಿ ಹೂತುಹೋದರೆ ಅಥವಾ ಎಂಜಿನ್ ಕೆಟ್ಟು ನಡುದಾರಿಯಲ್ಲಿ ನಿಂತರೆ ಅದನ್ನು ಎಳೆದು ತರುವುದು ಸಾಮಾನ್ಯ ಲಾರಿಯಿಂದ ಆಗುವ ಕೆಲಸವಲ್ಲ. ಎಳೆಯುವ ವಾಹನವೂ ಹೆಚ್ಚುಕಡಿಮೆ ಟ್ಯಾಂಕಿನಷ್ಟೇ ತೂಗಬೇಕು, ಟ್ಯಾಂಕು ಇಳಿಯುವ ಹಳ್ಳಕ್ಕೆಲ್ಲ ಇಳಿಯಬೇಕು. ಅದಕ್ಕೆಂದೇ ರೂಪುಗೊಂಡ ಡಬ್ಲ್ಯುಝಡ್‌ಟಿ-3 ಎಂಬ ವಾಹನವನ್ನು ಪೋಲೆಂಡಿನ ತಾಂತ್ರಿಕ ನೆರವಿನೊಂದಿಗೆ ತಯಾರಿಸಿದ್ದು ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದ ಬಿಇಎಂಎಲ್ ಕಾರ್ಖಾನೆ. ಟಿ-72 ಟ್ಯಾಂಕಿನ ಒಡಲನ್ನೇ ಆಧರಿಸಿದ ಈ ವಾಹನದಲ್ಲಿ ಫಿರಂಗಿ ಇರಬೇಕಾದ ಜಾಗದಲ್ಲಿ ಕ್ರೇನು ಇದೆ. ಜೊತೆಗೆ ಉಕ್ಕಿನ ಹಗ್ಗ ಸುತ್ತಿದ ವಿಂಚು, ನೆಲಕ್ಕೆ ನಾಟಿಕೊಂಡು ನಿಲ್ಲಲು ಮುಂದೊಂದು ಬ್ಲೇಡು. ಯುದ್ಧಕ್ಕೆ ಹೊರಡುವ ಟ್ಯಾಂಕಿನ ಹಿಂದೆ ಯುದ್ಧ ಮಾಡದ ಇನ್ನೊಂದು ಟ್ಯಾಂಕು ಹೊರಡಬೇಕೆಂಬುದು ಹೊರಗಿನವರಿಗೆ ದುಂದುಗಾರಿಕೆಯಾಗಿ ಕಾಣಬಹುದು. ಸೈನಿಕರಿಗೆ ಹಾಗೆ ಕಾಣುವುದಿಲ್ಲ.

ಈ ಕಾರ್ಖಾನೆಯಿಂದ ಕೆಲವೇ ಮೈಲಿ ದೂರದ ಬಂಗಾರಪೇಟೆಯಲ್ಲಿ ಇದೇ ತತ್ವ ಬಹಳ ಸಣ್ಣ ಪ್ರಮಾಣದಲ್ಲಿ ಜಾರಿಯಲ್ಲಿರುವುದನ್ನು ನಾನು ಕಂಡಿದ್ದೇನೆ. ಅಲ್ಲಿನ ಮಿತ್ರರೊಬ್ಬರ ಬಳಿ 1960ರ ದಶಕದ ಮಹೀಂದ್ರ ಜೀಪಿದೆ. ಅದನ್ನು ಎಳೆದು ತರಲು, ಅದರ ಬಿಡಿಭಾಗ ಮತ್ತು ಹತಾರಗಳನ್ನು ಹೊರಲು, ಒಟ್ಟಿನಲ್ಲಿ ಆ ಜೀಪು ಬದುಕಿರುವಂತೆ ನೋಡಿಕೊಳ್ಳಲು ಅವರು ಇನ್ನೊಂದು ಪಿಕಪ್ ವಾಹನ ಇಟ್ಟುಕೊಂಡಿದ್ದಾರೆ. ಬೆಂಗಾವಲು ವಾಹನವೆಂದರೆ ಮಂತ್ರಿಗಳ ಕಾರಿನ ಹಿಂದೆ ಸೈರನ್ ಮೊಳಗಿಸುತ್ತ ಓಡುವುದೆಂದೇ ತಿಳಿದಿರುವ ನಮಗೆ ಇದು ವಿಚಿತ್ರ ಶೋಕಿ ಎನಿಸೀತು. ಒಂದು ಎತ್ತಿಗೆ ಮೇವು ತರಲು ಇನ್ನೊಂದು ಎತ್ತು ಕಟ್ಟಿದ್ದಾರೆ ಎಂದು ಅವರ ನೆರೆಯವರು ನಗುತ್ತಾರಂತೆ. ಆದರೆ ಹಳೆಯ ಯಂತ್ರವೊಂದನ್ನು ಉಳಿಸಿಕೊಳ್ಳಲು ವಾಸ್ತವವಾಗಿ ಏನೇನು ಬೇಕು, ನಮ್ಮ ಕಾನೂನು ಮತ್ತು ನಮ್ಮ ಊರುಗಳು ಅದಕ್ಕೆಷ್ಟು ಅವಕಾಶ ಕೊಡುತ್ತಿವೆ ಎಂಬುದನ್ನು ತಿಳಿಯಲು ಈ ಜೋಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ.

ಜೀಪು ನಮ್ಮ ಸಾರ್ವಜನಿಕ ಸ್ಮೃತಿಯ ಭಾಗ. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಈ ಗಾಡಿಯನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬೈಯಲ್ಲಿ ಜೋಡಿಸಲು ಆರಂಭಿಸಿತು. ಅನಂತರ ಬಂದ, ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯನ್ನು ದಶಕಗಳ ಕಾಲ ಇಲ್ಲಿಯೇ ತಯಾರಿಸಲಾಯಿತು. ತಹಶೀಲ್ದಾರರು, ಪೊಲೀಸರು, ಅರಣ್ಯಾಧಿಕಾರಿಗಳು, ಸಿಡುಬಿನ ಲಸಿಕೆ ಹಾಕುವವರು ಹಳ್ಳಿಗೆ ಬರುತ್ತಿದ್ದುದು ಅದರಲ್ಲಿಯೇ. ಜೀಪು ಬಂತೆಂದರೆ ಊರಿಗೆ ಸರ್ಕಾರ ಬಂತೆಂದು ಅರ್ಥ. ಚುನಾವಣೆ ಬಂದರೆ ಅದೇ ಜೀಪಿಗೆ ಬಾವುಟ, ಧ್ವನಿವರ್ಧಕ. ಇಲಾಖೆಗಳು ಹರಾಜಿನಲ್ಲಿ ಮಾರಿದ ಮೇಲೆ ಅವು ರೈತರ ಕೈಗೆ, ತೋಟದ ಮಾಲೀಕರ ಕೈಗೆ ಬಂದವು. ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಬಾಡಿಗೆ ಜೀಪುಗಳನ್ನು ಕಂಡವರಿಗೆ ಈ ಗಾಡಿಯ ಆಯುಸ್ಸು ಎಂಥದೆಂದು ಗೊತ್ತು. ಬಂಗಾರಪೇಟೆಯ ಸುತ್ತಲೂ, ಬೂದಿಕೋಟೆ, ಕಾಮಸಮುದ್ರದ ಕಡೆಯ ಗುಡ್ಡಗಾಡಿನಲ್ಲೂ ಅದು ಬಹುಕಾಲ ದುಡಿದಿದೆ.

ದೀರ್ಘಾಯುಷಿಯಾದರೂ ಅದು ನಂಬಿಕಸ್ಥ ಗಾಡಿಯೇನಲ್ಲ. ಈ ಮಾತು ಜೀಪಿನ ಅಭಿಮಾನಿಗಳಿಗೆ ಹಿಡಿಸಲಾರದು. ಸಿಜೆ-3ಬಿಯ 2,199 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪುಟ್ಟ ಪಾಯಿಂಟುಗಳು. ಅವುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎಂಜಿನ್ ಕೆಮ್ಮುತ್ತದೆ. ಕಂಡೆನ್ಸರ್ ಸತ್ತರೆ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಪಂಪಿಗೆ ಬರುವ ಪೆಟ್ರೋಲು ದಾರಿಯಲ್ಲೇ ಆವಿಯಾಗಿ ಎಂಜಿನ್ನಿಗೆ ತಲುಪುವುದಿಲ್ಲ. ಪಂಪಿನ ಸುತ್ತ ಒದ್ದೆ ಬಟ್ಟೆ ಸುತ್ತಿ ಕಾಯುವುದೇ ಅದಕ್ಕೆ ಹಳೆಯ ಚಾಲಕರ ಮದ್ದು. ಬ್ರೇಕಿನದು ಒಂದೇ ಕೊಳವೆಯ ವ್ಯವಸ್ಥೆ. ನಾಲ್ಕು ಚಕ್ರಗಳ ಪೈಕಿ ಒಂದರ ರಬ್ಬರ್ ಕಪ್ ಹರಿದು ಎಣ್ಣೆ ಸೋರಿತೆಂದರೆ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆ. ಇತ್ತೀಚೆಗೆ ಇದಕ್ಕೆ ಹೊಸ ತೊಂದರೆಯೊಂದು ಸೇರಿಕೊಂಡಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು 2025ರ ವೇಳೆಗೆ ದೇಶದಾದ್ಯಂತ ಬಂಕುಗಳಿಗೆ ಬಂದಿತು. ಅರ್ಧ ಶತಮಾನದ ಹಿಂದೆ ತಯಾರಾದ ಪಂಪಿನ ಡಯಾಫ್ರಮ್ಮಾಗಲಿ ರಬ್ಬರ್ ಕೊಳವೆಯಾಗಲಿ ಎಥೆನಾಲಿನ ಕಲ್ಪನೆಯೇ ಇಲ್ಲದ ಕಾಲದವು. ಅವು ಊದಿಕೊಳ್ಳುತ್ತವೆ, ಬಿರಿಯುತ್ತವೆ. ಎಥೆನಾಲು ನೀರನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕಿನ ಕಾಟ ಬೇರೆ.

ಇವುಗಳಲ್ಲಿ ಒಂದೊಂದೂ ಸಣ್ಣ ರಿಪೇರಿ. ಕೈಯಲ್ಲಿ ಹತಾರ, ಬಿಡಿಭಾಗ ಮತ್ತು ಬೆಳಕು ಇದ್ದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುವಂಥದು. ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ಗುಡ್ಡದ ಬುಡದಲ್ಲಿ, ಆನೆಗಳು ಓಡಾಡುವ ಕಾಮಸಮುದ್ರದ ದಾರಿಯಲ್ಲಿ ಸಂಸಾರ ಸಮೇತ ನಿಲ್ಲಬೇಕಾಗುತ್ತದೆ. ಬೆಂಗಾವಲಿನ ಅಗತ್ಯ ಹುಟ್ಟುವುದು ಇಲ್ಲಿ. ನನ್ನ ಮಿತ್ರರ ಪಿಕಪ್ಪಿನ ಹಿಂಭಾಗದಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಅದರಲ್ಲಿ ಪಾಯಿಂಟು, ಕಂಡೆನ್ಸರು, ಫ್ಯಾನ್ ಬೆಲ್ಟು, ವೀಲ್ ಸಿಲಿಂಡರಿನ ಕಿಟ್ಟು, ರೇಡಿಯೇಟರಿನ ಕೊಳವೆಗಳು, ಪ್ರೊಪೆಲ್ಲರ್ ಶಾಫ್ಟಿಗೆ ಹಾಕುವ ಕ್ರಾಸು, ಗ್ರೀಸ್ ಗನ್ನು. ಪೆಟ್ಟಿಗೆಯ ಪಕ್ಕದಲ್ಲಿ ಎರಡು ಜಾಕು, ಜಾಕಿನ ಕೆಳಗಿಡಲು ಹಲಗೆ, ನೀರಿನ ಕ್ಯಾನು, ಎಳೆಯುವ ಹಗ್ಗ, ಕಬ್ಬಿಣದ ಎಳೆಗಂಬಿ, ಮತ್ತು ಒಂದು ಗೋಣಿಚೀಲ. ಗೋಣಿಚೀಲ ಏತಕ್ಕೆಂದು ಕೇಳಿದೆ. ಎಳೆಯುವಾಗ ಅದನ್ನು ಒದ್ದೆ ಮಾಡಿ ಹಗ್ಗದ ನಡುವೆ ಹೊದಿಸಬೇಕಂತೆ. ಬಿಗಿದ ಹಗ್ಗ ತುಂಡಾದರೆ ಅದರ ತುದಿ ಚಾಟಿಯಂತೆ ಬೀಸಿ ಬರುತ್ತದೆ, ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲದು. ಚೀಲದ ಭಾರ ಆ ವೇಗವನ್ನು ನೆಲಕ್ಕಿಳಿಸುತ್ತದೆ.

ಹಗ್ಗದ ಬಗೆಗಿನ ಈ ಎಚ್ಚರ ಅವರಿಗೆ ಬಂದದ್ದು ಗಣಿಯಲ್ಲಿ ಫಿಟ್ಟರ್ ಆಗಿದ್ದ ಹಿರಿಯರೊಬ್ಬರಿಂದ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳಕ್ಕೆ ಹಂತಹಂತವಾಗಿ ಇಳಿಯುವ ಕಾರ್ಮಿಕರ ಜೀವ ತೂಗುತ್ತಿದ್ದುದು ಉಕ್ಕಿನ ಹಗ್ಗದ ಮೇಲೆ. ಅಂಥ ಹಗ್ಗವನ್ನು ಕಾಲಕಾಲಕ್ಕೆ ಪರೀಕ್ಷಿಸಿ, ತುದಿಯನ್ನು ಕತ್ತರಿಸಿ ತೆಗೆದು ಮತ್ತೆ ಜೋಡಿಸುವುದು, ನಿಗದಿತ ಅವಧಿ ಮುಗಿದ ಮೇಲೆ ಅದು ನೋಡಲು ಚೆನ್ನಾಗಿದ್ದರೂ ಬದಲಾಯಿಸುವುದು ಗಣಿಗಾರಿಕೆಯ ಕಟ್ಟುನಿಟ್ಟಿನ ಪದ್ಧತಿ. ಕೆಡುವ ಮೊದಲೇ ಕೈಹಾಕಬೇಕೆಂಬ ಈ ಶಿಸ್ತನ್ನು ಕಲಿತವರು ಜೀಪಿನ ಕೆಳಗೆ ಮಲಗಿದಾಗಲೂ ಅದನ್ನು ಬಿಡುವುದಿಲ್ಲ. ನಮ್ಮಲ್ಲಿ ವಾಹನ ರಿಪೇರಿಯೆಂದರೆ ಬಹುಮಟ್ಟಿಗೆ ಕೆಟ್ಟ ಮೇಲಿನ ಓಡಾಟ.

ಎಳೆಯುವುದಕ್ಕೂ ಒಂದು ಕ್ರಮವಿದೆ. ಎಳೆಯುವ ವಾಹನ ಎಳೆಸಿಕೊಳ್ಳುವುದಕ್ಕಿಂತ ಭಾರವಾಗಿರಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಬಾಲವೇ ನಾಯಿಯನ್ನು ಅಲ್ಲಾಡಿಸಿದಂತಾಗುತ್ತದೆ. ಹಳೆಯ ಜೀಪಿನ ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಇಂದಿನ ಸಾಧಾರಣ ಪಿಕಪ್ ಅದನ್ನು ನಿಭಾಯಿಸಬಲ್ಲದು. ಜೀಪಿನ ಗೇರು ಪೆಟ್ಟಿಗೆಯನ್ನೂ ನಾಲ್ಕು ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆಯನ್ನೂ ನ್ಯೂಟ್ರಲ್ಲಿನಲ್ಲಿಡಬೇಕು. ದೂರದ ದಾರಿಯಾದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ ಒಳಗಿಟ್ಟುಕೊಳ್ಳುವುದು ಒಳ್ಳೆಯದು, ಪೆಟ್ಟಿಗೆಯೊಳಗಿನ ಹಲ್ಲುಗಾಲಿಗಳು ವೃಥಾ ತಿರುಗಿ ಸವೆಯುವುದಿಲ್ಲ. ಎಂಜಿನ್ ನಿಂತರೆ ಇಂದಿನ ಕಾರುಗಳ ಸ್ಟಿಯರಿಂಗು, ಬ್ರೇಕು ಎರಡೂ ಕಲ್ಲಾಗುತ್ತವೆ. ಆ ಕಾಲದ ಜೀಪಿನಲ್ಲಿ ಅವಕ್ಕೆ ಎಂಜಿನ್ನಿನ ನೆರವು ಮೊದಲಿನಿಂದಲೂ ಇರಲಿಲ್ಲವಾದ್ದರಿಂದ ಎಳೆಸಿಕೊಳ್ಳುವಾಗಲೂ ಅದು ಚಾಲಕನ ಮಾತು ಕೇಳುತ್ತದೆ. ಬೆಂಗಾವಲಿಗೆ ಸೇನೆಯ ಹರಾಜಿನ ಜೋಂಗಾ ಕೊಳ್ಳಿರೆಂದು ಒಮ್ಮೆ ಯಾರೋ ಮಿತ್ರರಿಗೆ ಸಲಹೆ ಕೊಟ್ಟಿದ್ದರಂತೆ. ನಿಸಾನ್ ಕಂಪನಿಯ ವಿನ್ಯಾಸದಂತೆ ಜಬಲ್ಪುರದಲ್ಲಿ 1999ರವರೆಗೆ ತಯಾರಾದ, 3,956 ಸಿ.ಸಿ. ಎಂಜಿನ್ನಿನ ಬಲಿಷ್ಠ ಗಾಡಿ ಅದು. ಅದನ್ನು ಎಳೆದು ತರಲು ಮೂರನೆಯ ಗಾಡಿ ಬೇಕಾಗುತ್ತದೆಂದು ಇವರು ಕೈಬಿಟ್ಟರು.

ಇಷ್ಟೆಲ್ಲ ಕ್ರಮಬದ್ಧವಾಗಿ ಎಳೆಯಲು ಸಿದ್ಧರಾದವರಿಗೂ ನಮ್ಮ ಕಾನೂನು ಸುಲಭದಲ್ಲಿ ದಾರಿ ಬಿಡುವುದಿಲ್ಲ. 1989ರ ರಸ್ತೆ ನಿಯಮಗಳ ಪ್ರಕಾರ ಒಂದು ಮೋಟಾರು ವಾಹನ ಇನ್ನೊಂದನ್ನು ಎಳೆಯಬಹುದಾದದ್ದು ಎರಡನೆಯದು ಕೆಟ್ಟು ನಿಂತಾಗ, ಅಥವಾ ಅದು ಇನ್ನೂ ಪೂರ್ತಿ ಜೋಡಣೆಯಾಗದ ಗಾಡಿಯಾಗಿದ್ದಾಗ. ಕೆಟ್ಟ ಗಾಡಿಯನ್ನು ಎಳೆಯಬಹುದಾದದ್ದು ಹತ್ತಿರದ ಗ್ಯಾರೇಜಿಗೆ ಅಥವಾ ಪೆಟ್ರೋಲ್ ಬಂಕಿಗೆ. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ವೇಗ ಗಂಟೆಗೆ 24 ಕಿ.ಮೀ. ದಾಟಬಾರದು. ಎಳೆಸಿಕೊಳ್ಳುವ ಗಾಡಿಯಲ್ಲಿ ಪರವಾನಗಿ ಉಳ್ಳ ಚಾಲಕ ಕುಳಿತಿರಬೇಕು. 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದಾಗಲೂ ಇದರ ಸಾರ ಉಳಿದುಕೊಂಡಿತು. ನಿಯಮದ ಉದ್ದೇಶ ಸರಿಯಾದುದೇ. ಹಗ್ಗ ಕಟ್ಟಿದ ಎರಡು ಗಾಡಿಗಳು ಹೆದ್ದಾರಿಯಲ್ಲಿ ಓಡುವುದನ್ನು ಯಾರೂ ಬಯಸುವುದಿಲ್ಲ. ಅದರಲ್ಲೂ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಗಳ ಸೀಮೆಯನ್ನು ಹಾದು ಬೇತಮಂಗಲದ ಕಡೆಗೆ ಹೋಗುವ, 120 ಕಿ.ಮೀ. ವೇಗಕ್ಕೆಂದು ವಿನ್ಯಾಸಗೊಂಡ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಭಾಗ ಸಂಚಾರಕ್ಕೆ ತೆರೆದ ಮೇಲೆ ಈ ಭಾಗದ ರಸ್ತೆಗಳ ಲೆಕ್ಕಾಚಾರವೇ ಬದಲಾಗಿದೆ. ಐವತ್ತು ಕಿ.ಮೀ. ವೇಗದಲ್ಲಿ ಸುಖವಾಗಿರುವ ಜೀಪಿಗೆ ಅಲ್ಲಿ ಜಾಗವಿಲ್ಲ.

ಪರದೇಶಗಳಲ್ಲಿ ಇದಕ್ಕೆ ಉತ್ತರ ಟ್ರೈಲರು. ಹಳೆಯ ಗಾಡಿಯನ್ನು ಅದರ ಮೇಲೇರಿಸಿ, ಕುಟುಂಬದ ಕಾರಿನ ಹಿಂದೆ ಕಟ್ಟಿಕೊಂಡು ನೂರಾರು ಮೈಲಿ ಹೋಗುತ್ತಾರೆ. ಹಾಡಿಯಲ್ಲೋ ಬೆಟ್ಟದಲ್ಲೋ ಇಳಿಸಿ ಓಡಿಸಿ ಮತ್ತೆ ಏರಿಸಿಕೊಂಡು ಬರುತ್ತಾರೆ. ನಮ್ಮಲ್ಲಿ ಟ್ರೈಲರ್ ಎಂದರೆ ಟ್ರ್ಯಾಕ್ಟರಿನದು ಅಥವಾ ಕಂಟೇನರಿನದು. ಕಾರಿನ ಹಿಂದೆ ಕಟ್ಟುವ ಲಘು ಟ್ರೈಲರೂ ಕಾಯ್ದೆಯ ಪ್ರಕಾರ ಪ್ರತ್ಯೇಕ ನೋಂದಣಿ ಬೇಕಾದ ವಾಹನವೇ. ಖಾಸಗಿ ವ್ಯಕ್ತಿಯೊಬ್ಬ ತನ್ನ ಹವ್ಯಾಸಕ್ಕಾಗಿ ಅಂಥದೊಂದನ್ನು ನೋಂದಾಯಿಸಲು ಹೊರಟರೆ ಕೌಂಟರಿನ ಆಚೆಯವರೂ ಈಚೆಯವರೂ ಒಟ್ಟಿಗೇ ಗೊಂದಲಕ್ಕೀಡಾಗುತ್ತಾರೆ. ಆದ್ದರಿಂದ ದೂರ ಸಾಗಿಸಬೇಕಾದಾಗ ಉಳಿಯುವುದು ಬಾಡಿಗೆಯ ಕ್ಯಾರಿಯರ್ ಲಾರಿ. ಉಳಿದ ದಿನಗಳಲ್ಲಿ ಪಿಕಪ್ಪು ಹಿಂದೆ ಬರುತ್ತದೆ, ಎಳೆಯುವ ಹಗ್ಗವನ್ನು ಬಳಸುವ ಸಂದರ್ಭ ಬಾರದಿರಲೆಂದು ಹಾರೈಸುತ್ತ.

ಇನ್ನು ಜೀಪಿನ ದಾಖಲೆಯ ಪ್ರಶ್ನೆ. 15 ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ ಕಾರುಗಳಿಗೆ 5,000 ರೂಪಾಯಿಯಾಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಲಘು ಮೋಟಾರು ವಾಹನಗಳಿಗೆ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಹಳೆಯ ಗಾಡಿಗಳನ್ನು ರಸ್ತೆಯಿಂದ ಇಳಿಸುವುದೇ ಇದರ ಗುರಿ. ಕಪ್ಪು ಹೊಗೆ ಕಾರುವ ಗಾಡಿಗಳ ವಿಷಯದಲ್ಲಿ ಈ ಗುರಿಯನ್ನು ಆಕ್ಷೇಪಿಸುವಂತಿಲ್ಲ. ಆದರೆ ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಜೀಪನ್ನೂ ದಿನಕ್ಕೆ ಅಷ್ಟೇ ಓಡುವ ಟ್ಯಾಕ್ಸಿಯನ್ನೂ ವಯಸ್ಸೊಂದರಿಂದಲೇ ಅಳೆಯುವುದು ನ್ಯಾಯವೆನಿಸುವುದಿಲ್ಲ.

ಇದನ್ನು ಕೇಂದ್ರ ಸರ್ಕಾರವೂ ಒಂದು ಮಟ್ಟಿಗೆ ಒಪ್ಪಿಕೊಂಡಂತಿದೆ. 2021ರ ಜುಲೈನಲ್ಲಿ ಅದು 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ವರ್ಗ ಕಲ್ಪಿಸಿತು. 20,000 ರೂಪಾಯಿ ಕೊಟ್ಟು ನೋಂದಾಯಿಸಿದರೆ 10 ವರ್ಷ ಮಾನ್ಯತೆ, ಅನಂತರದ ನವೀಕರಣಕ್ಕೆ 5,000 ರೂಪಾಯಿ. ಇಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗಳಿಗಾಗಿ ಮಾತ್ರ ರಸ್ತೆಗಿಳಿಸಬಹುದು. ಇದು ಸ್ವಾಗತಾರ್ಹವೇ. ಆದರೆ ಇನ್ನೊಂದು ಷರತ್ತಿದೆ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಒಡಲು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಈ ಷರತ್ತನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಅರಮನೆಗಳ ರೋಲ್ಸ್‌ರಾಯ್ಸುಗಳೇ ಹೊರತು ಕೋಲಾರ ಜಿಲ್ಲೆಯ ಜೀಪುಗಳಲ್ಲ. ಪೆಟ್ರೋಲಿನ ಬೆಲೆ ಏರಿದಂತೆ ನಮ್ಮ ರೈತರು, ವ್ಯಾಪಾರಿಗಳು ಜೀಪಿನ ಮೂಲ ಎಂಜಿನ್ನನ್ನು ತೆಗೆದು ಡೀಸೆಲ್ ಎಂಜಿನ್ ಕೂರಿಸಿದರು. ಆ ಬದಲಾವಣೆಯಿಂದಲೇ ಅವು ಇಷ್ಟು ಕಾಲ ದುಡಿದವು, ಗುಜರಿಯ ಪಾಲಾಗದೆ ಉಳಿದವು. ಯಾವುದು ಜೀಪನ್ನು ಉಳಿಸಿತೋ ಅದೇ ಈಗ ಅದಕ್ಕೆ ಮಾನ್ಯತೆ ತಪ್ಪಿಸುತ್ತಿದೆ. ಇಂತಿಷ್ಟು ವರ್ಷಗಳ ಹಿಂದೆಯೇ ನೋಂದಣಿ ಪುಸ್ತಕದಲ್ಲಿ ದಾಖಲಾದ ಎಂಜಿನ್ ಬದಲಾವಣೆಯನ್ನು ಗಾಡಿಯ ಇತಿಹಾಸದ ಭಾಗವೆಂದೇ ಪರಿಗಣಿಸಿ ಮನ್ನಿಸುವುದು ಸಾರಿಗೆ ಸಚಿವಾಲಯಕ್ಕೆ ಕಷ್ಟವಾಗಲಾರದು. ಮಿತ್ರರ ಜೀಪಿನಲ್ಲಿ ಮೂಲ ಪೆಟ್ರೋಲ್ ಎಂಜಿನ್ನೇ ಇದೆ. ಅದನ್ನು ಉಳಿಸಿಕೊಂಡ ಹಟವೇ ಬೆಂಗಾವಲಿನ ಖರ್ಚಿಗೆ ಮೂಲ ಎನ್ನಬಹುದು.

ಇಷ್ಟಾಗಿಯೂ ನನ್ನನ್ನು ಹೆಚ್ಚು ಕಾಡಿದ್ದು ಕಾನೂನಲ್ಲ. ಬಿಡಿಭಾಗಗಳೂ ಅಲ್ಲ, ಜೀಪಿನ ಬಿಡಿಭಾಗಗಳು ಹುಡುಕಿದರೆ ಇಂದಿಗೂ ಸಿಗುತ್ತವೆ. ಸಿಗದಿರುವುದು ಕೈಗಳು. ಚಿನ್ನದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದಾಗ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದಾಗ, 1956ರಲ್ಲಿ ಮೈಸೂರು ಸರ್ಕಾರ ಅವನ್ನು ವಹಿಸಿಕೊಂಡಾಗ, ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಆದಾಗ, ಪ್ರತಿ ಘಟ್ಟದಲ್ಲೂ ಆ ಊರು ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳನ್ನು ಬೆಳೆಸಿತು. ಗಣಿಯೊಳಗೆ ಇಳಿದವನು ಕ್ಷೇಮವಾಗಿ ಮೇಲೆ ಬರಲು ಮೇಲಿದ್ದವನ ಕೈಗುಣ ಸರಿಯಾಗಿರಬೇಕಿತ್ತು. ಒಂದರ್ಥದಲ್ಲಿ ಊರಿಗೆ ಊರೇ ಗಣಿಯ ಬೆಂಗಾವಲಾಗಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಹಲವರು ಸಿಕ್ಕ ಕೆಲಸಗಳಿಗೆ ಚದುರಿದರು. ಅವರ ಮಕ್ಕಳು ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ನಿತ್ಯ ಬೆಂಗಳೂರಿಗೆ ಹೋಗಿ ಬರುವವರಾದರು. ಕೆಜಿಎಫ್ ಎಂದೊಡನೆ 2018ರ ಸಿನಿಮಾವನ್ನು ನೆನೆಯುವ ತಲೆಮಾರಿಗೆ ಅಲ್ಲಿನ ಸೈನೈಡ್ ದಿಬ್ಬಗಳು ಪರಿಚಿತ. ಅಲ್ಲಿನ ಲೇತುಗಳು ಅಪರಿಚಿತ.

ಆ ಲೇತಿನ ಮುಂದೆ ನಿಂತು ಕಲಿತ ಕೆಲವರು ಇನ್ನೂ ಅಲ್ಲಲ್ಲಿ ಇದ್ದಾರೆ. ಮಿತ್ರರ ಜೀಪಿನ ಮುಂದಿನ ಆಕ್ಸಲಿನ ಕಿಂಗ್ ಪಿನ್ ಸವೆದು ಸ್ಟಿಯರಿಂಗ್ ಅಲುಗಾಡತೊಡಗಿದಾಗ ಆ ಹಿರಿಯ ಫಿಟ್ಟರು ಅಳತೆಯ ಉಪಕರಣ ಹಿಡಿಯುವ ಮೊದಲು ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿ, “ಎಡಗಡೆ ಮಾತ್ರ, ಸಾರ್. ಬಲಗಡೆ ಇನ್ನೂ ಎರಡು ವರ್ಷ ಬರುತ್ತೆ” ಎಂದರಂತೆ. ಬಿಚ್ಚಿ ನೋಡಿದಾಗ ಹಾಗೆಯೇ ಇತ್ತು. ಅವರಿಗೆ ಈಗ ಕಣ್ಣು ಮಂಜು. ಜೀಪಿನ ಕೆಲಸ ಬಂದಾಗಲೆಲ್ಲ ಗ್ಯಾರೇಜಿನ ಹುಡುಗನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಆ ಹುಡುಗ ಕಲಿತದ್ದೆಲ್ಲ ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಕಾರುಗಳ ಮೇಲೆ. ಜೀಪಿನಲ್ಲಿ ಕಂಪ್ಯೂಟರಿಗೆ ಜೋಡಿಸಲು ಏನೂ ಇಲ್ಲದಿರುವುದು ಅವನಿಗೆ ಮೊದಮೊದಲು ತಮಾಷೆಯಾಗಿತ್ತು. ಈಗ ಭಾನುವಾರಗಳಂದು ಕರೆಯದಿದ್ದರೂ ಬರುತ್ತಾನೆ. ಐಟಿಐಗಳ ಪಠ್ಯದಲ್ಲಿ ಇದಕ್ಕೊಂದು ಸ್ಥಾನವಿದ್ದರೆ ಹಿರಿಯರ ಈ ತಿಳಿವಳಿಕೆ ಒಬ್ಬ ಹುಡುಗನಿಗೆ ಸೀಮಿತವಾಗಬೇಕಿರಲಿಲ್ಲ.

ಎರಡು ವಾಹನ ಸಾಕುವುದು ಉಳ್ಳವರ ವಿಲಾಸವಲ್ಲವೇ ಎಂಬ ಪ್ರಶ್ನೆಯನ್ನು ಓದುಗರು ಕೇಳದೆ ಇರಲಾರರು. ವಿಲಾಸದ ಅಂಶ ಅದರಲ್ಲಿ ಇದೆ, ಅಲ್ಲಗಳೆಯಲಾಗದು. ಜೀಪಿನಿಂದ ಬಿಡಿಗಾಸಿನ ಆದಾಯವಿಲ್ಲ. ಆದರೆ ಬೆಂಗಾವಲಿನ ಲೆಕ್ಕ ಬೇರೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಹಳದಿ ಫಲಕ, ವಿಮೆ, ಎಫ್‌ಸಿ ಸರಿಯಾಗಿದ್ದರೆ ಸಾಕು. ವಾರದ ಆರು ದಿನ ಮಿತ್ರರ ಪಿಕಪ್ಪು ಸುತ್ತಲ ಹಳ್ಳಿಗಳಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಹೊರುತ್ತದೆ. ನಸುಕಿನಲ್ಲಿ ಹೊರಟು, ಹದಿನೈದು ಕೆ.ಜಿ.ಯ ಕ್ರೇಟುಗಳನ್ನು ಇಳಿಸಿ, ಬಿಸಿಲೇರುವ ಮುನ್ನ ಮರಳುತ್ತದೆ. ಮರದ ಪೆಟ್ಟಿಗೆ, ಜಾಕು, ಹಗ್ಗಗಳಿಗೆ ಆ ದಿನಗಳಲ್ಲಿ ಕೊಟ್ಟಿಗೆಯ ಮೂಲೆ. ಸುಗ್ಗಿಯ ವಾರಗಳಲ್ಲಿ ಭಾನುವಾರವೂ ಬಿಡುವಿರುವುದಿಲ್ಲ; ಜೀಪು ಟಾರ್ಪಾಲಿನ ಕೆಳಗೆ ಕಾಯುತ್ತದೆ. ಬೆಲೆ ಕುಸಿದು ರೈತರು ಹಣ್ಣನ್ನು ಗಿಡದಲ್ಲೇ ಬಿಡುವ ವಾರಗಳಲ್ಲಿ ಪಿಕಪ್ಪಿಗೂ ಬಾಡಿಗೆಯಿಲ್ಲ. ಆಗ ಬಿಡುವೇನೋ ಧಾರಾಳ, ಪೆಟ್ರೋಲಿಗೆ ಕಾಸಿರುವುದಿಲ್ಲ.